ಬಡ ನೀರಿನ ಭಾರೀ ಮೀನು

1995ರಲ್ಲಿ ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ ಗಾಳಕ್ಕೆ ಬಿದ್ದ ಲೇಕ್ ಟ್ರೌಟ್ ಮೀನೊಂದು 32 ಕಿಲೋಗೂ ಹೆಚ್ಚು ತೂಗಿತು. ಆದರೆ ಅಷ್ಟು ಮೈ ಬೆಳೆಸಿಕೊಳ್ಳಲು ಆ ನೀರಿನಲ್ಲಿ ತಿನ್ನುವುದಕ್ಕೇನಿದೆ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ.

ದೇಶದ ವಾಯವ್ಯ ಮೂಲೆಯಲ್ಲಿರುವ ಈ ಸರೋವರದ ವಿಸ್ತಾರ ಸುಮಾರು 31,000 ಚದರ ಕಿಲೋಮೀಟರ್. ಬೆಲ್ಜಿಯಂ ದೇಶವನ್ನೇ ಇದರಲ್ಲಿ ಮುಳುಗಿಸಬಹುದು. ಆಳ 400 ಮೀಟರ್ ದಾಟುತ್ತದೆ. ಆರ್ಕ್ಟಿಕ್ ವೃತ್ತ ಹಾದುಹೋಗುವುದು ಇದರ ಮೇಲೆಯೇ. ಇಷ್ಟು ದೊಡ್ಡ ನೀರಿನ ದಂಡೆಯಲ್ಲಿ ಊರು ಎನ್ನುವುದು ಒಂದೇ: ಸಾಹ್ತು ಡೆನೆ ಜನರ ಡೆಲಿನೆ.

ವರ್ಷದ ಬಹುಪಾಲು ಸರೋವರವನ್ನು ಮಂಜುಗಡ್ಡೆ ಮುಚ್ಚಿರುತ್ತದೆ. ಜುಲೈನಲ್ಲೂ ಗಡ್ಡೆ ತೇಲುವುದುಂಟು. ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇರೆ ಸರೋವರಗಳಲ್ಲಿ ಬೇಸಿಗೆಯಲ್ಲಿ ಅದಕ್ಕಿಂತ ಬಿಸಿಯಾದ ನೀರು ಹಗುರಾಗಿ ಮೇಲೆ ಪದರ ಕಟ್ಟುತ್ತದೆ, ಪಾಚಿ ಅಲ್ಲಿ ಹುಲುಸಾಗಿ ಬೆಳೆಯುತ್ತದೆ. ಇಲ್ಲಿ ನಡುನೀರು ಆ 4 ಡಿಗ್ರಿಯ ಆಸುಪಾಸಿಗೆ ಬರುವಷ್ಟರಲ್ಲೇ ಬೇಸಿಗೆ ಮುಗಿಯುತ್ತ ಬಂದಿರುತ್ತದೆ, ಅಂಥ ಪದರ ಕಟ್ಟುವುದೇ ಇಲ್ಲ. ಪೂರ್ವ ದಂಡೆಯ ಪುರಾತನ ಬಂಡೆಗಳಿಂದ ಕರಗಿ ಬರುವ ಪೋಷಕಾಂಶವೂ ಅತ್ಯಲ್ಪ. ಪಾಚಿ ಕಡಿಮೆಯಾದ್ದರಿಂದ ನೀರು ತಿಳಿಯಾಗಿದೆ. ಪ್ರವಾಸಿಗರು ಮೆಚ್ಚುವ ಆ ತಿಳಿ, ಮೀನಿನ ಪಾಲಿಗೆ ಬರಗಾಲ.

ಟ್ರೌಟ್ ಇದಕ್ಕೆ ಕಂಡುಕೊಂಡ ಉಪಾಯ ನಿಧಾನ. ಶೀತರಕ್ತದ ಜೀವಿಯಾದ್ದರಿಂದ ತಣ್ಣೀರಿನಲ್ಲಿ ಅದರ ದೇಹದ ಖರ್ಚು ತೀರ ಕಡಿಮೆ, ಬೆಳವಣಿಗೆಯೂ ಅಷ್ಟೇ ಮಂದ. ಮೊಟ್ಟೆಯಿಡುವ ವಯಸ್ಸಿಗೆ ಬರಲು ಹತ್ತು ವರ್ಷ ದಾಟಬೇಕು. ಆಮೇಲೂ ಹೆಣ್ಣು ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ. ಮೀನಿನ ವಯಸ್ಸು ಹೇಳುವುದು ಅದರ ಕಿವಿಯೊಳಗಿನ ಪುಟ್ಟ ಸುಣ್ಣದ ಹರಳು. ಮರದ ಕಾಂಡದಂತೆ ವರ್ಷಕ್ಕೊಂದು ಉಂಗುರ ಅದರಲ್ಲಿ ಮೂಡುತ್ತದೆ. ಉಂಗುರ ಎಣಿಸಿದಾಗ ಐವತ್ತು ವರ್ಷ ದಾಟಿದ ಮೀನುಗಳೂ ಸಿಕ್ಕಿವೆ.

ಎಲ್ಲ ಟ್ರೌಟ್‌ಗಳೂ ಒಂದೇ ಊಟಕ್ಕೆ ಕಾದು ಕೂತಿಲ್ಲ. ಆಳವಿಲ್ಲದ ಭಾಗದಲ್ಲೇ ನಾಲ್ಕು ರೂಪಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಒಂದೊಂದರ ತಲೆ, ದವಡೆ, ರೆಕ್ಕೆಗಳ ಅಳತೆಯೇ ಬೇರೆ. ಇವುಗಳಲ್ಲಿ ಮೀನು ತಿನ್ನುವುದಕ್ಕೆ ಇಳಿದದ್ದೇ ದೈತ್ಯವಾಗುವುದು. ಸಿಸ್ಕೋ ಮೀನು ಸಿಕ್ಕರೆ ಸಿಸ್ಕೋ, ಇಲ್ಲವಾದರೆ ತನ್ನದೇ ಕುಲದ ಮರಿ! ಕ್ರೌರ್ಯವೆನ್ನಿಸಿದರೂ ಲೆಕ್ಕ ಸರಿಯಿದೆ: ಪುಟ್ಟ ಜೀವಿಗಳನ್ನು ಹೆಕ್ಕಿ ಹೆಕ್ಕಿ ತಿಂದು ಮರಿ ಕೂಡಿಟ್ಟ ಕೊಬ್ಬು ಒಂದೇ ಬಾಯಿಗೆ ದಕ್ಕುತ್ತದೆ.

ಹೀಗಾಗಿ ಇಂಥದೊಂದು ಮೀನನ್ನು ಎತ್ತಿಕೊಂಡು ಹೋದರೆ ಆ ಜಾಗಕ್ಕೆ ಇನ್ನೊಂದು ಬೆಳೆದು ಬರಲು ದಶಕಗಳೇ ಬೇಕು. ಗಾಳದ ಶೋಕಿಗೆಂದು ವಿಮಾನದಲ್ಲಿ ಬಂದಿಳಿಯುವವರು ದೊಡ್ಡದು ಸಿಕ್ಕಾಗ ಫೋಟೋ ತೆಗೆಸಿಕೊಂಡು ನೀರಿಗೇ ಬಿಡುವ ರೂಢಿ ಇದರಿಂದಲೇ ಬಂದದ್ದು.