ಚಿಂದಿ, ದಂಟು, ಬಳೆಚೂರು

ಬೇಸಿಗೆಯ ಮಧ್ಯಾಹ್ನ ಎರಡರ ಹೊತ್ತಿಗೆ ಹಲಸಂಗಿಯ ಓಣಿಗಳಲ್ಲಿ ನಾಯಿ ಕೂಡ ತಿರುಗುವುದಿಲ್ಲ. ಬಾಗಿಲು ಅರೆ ಮುಚ್ಚಿದ ಪಡಸಾಲೆಯೊಳಗೆ ಮಾತ್ರ ಕತ್ತಲೂ ಅಲ್ಲದ, ಬೆಳಕೂ ಅಲ್ಲದ ಒಂದು ತಂಪು. ಹಳೆಯ ಮೇಲ್ಮುದ್ದೆಯ ಮನೆ. ಜಂತಿಗಳ ಮೇಲೆ ದಪ್ಪನಾಗಿ ಬಡಿದು ಕೂರಿಸಿದ ಹಾಳುಮಣ್ಣು ಬಿಸಿಲನ್ನು ಅಲ್ಲೇ ತಡೆದಿದೆ. ಬೆಳಕಿಂಡಿಯಿಂದ ಕೋಲಿನಂತೆ ಇಳಿದ ಬಿಸಿಲಿನ ಪಕ್ಕ ದೊಡ್ಡವ್ವ ಕಾಲು ಚಾಚಿ ಕೂತು ಒಂದು ಗಂಟು ಬಿಚ್ಚುತ್ತಿದ್ದಾಳೆ.

ಗಂಟಿನಿಂದ ಮೊದಲು ಹೊರಬಂದದ್ದು ಇಳಕಲ್ ಸೀರೆಯ ದಡಿ. ಸೀರೆಯ ಮೈಯೆಲ್ಲ ಜಾಳಾಗಿ ಹೋದರೂ ದಡಿ ಮಾತ್ರ ಗಟ್ಟಿ. ಆಮೇಲೆ ಗುಳೇದಗುಡ್ಡದ ಖಣದ ಕುಬಸದ ಎರಡು ತೋಳು, ಯಾವನೋ ಮೊಮ್ಮಗನ ನೀಲಿ ಚಡ್ಡಿಯ ಕಿಸೆ, ಗುಂಡಿ ಉಳಿದು ಅಂಗಿ ಹೋದ ಒಂದು ಪಟ್ಟಿ. ಕೊನೆಗೆ ಮುಷ್ಟಿ ಮುಷ್ಟಿ ಹೊಸ ಬಟ್ಟೆಯ ಚಿಂದಿ, ಇದು ಚಡಚಣದ್ದು. ಚಡಚಣ ಇಲ್ಲಿಂದ ದೂರವಿಲ್ಲ. ಮದುವೆಯ ಜವಳಿಗೆ ಈ ಕಡೆಯ ಹಳ್ಳಿಗಳೂ ಭೀಮೆಯ ಆಚೆಯ ಮಹಾರಾಷ್ಟ್ರದ ಊರುಗಳೂ ನಂಬಿದ ಪೇಟೆ ಅದು. ಬೀಗರು ಅಲ್ಲಿಂದ ಗಂಟುಗಟ್ಟಲೆ ಬಟ್ಟೆ ಹೊತ್ತು ಮನೆಗೆ ಹೋದರೆ, ದೊಡ್ಡವ್ವ ದರ್ಜಿಯ ಮಷೀನಿನ ಕೆಳಗೆ ಬಿದ್ದದ್ದನ್ನು ಆರಿಸಿ ಚೀಲ ತುಂಬಿಕೊಂಡು ಬರುತ್ತಾಳೆ. ಇಬ್ಬರಲ್ಲಿ ಯಾರು ಲಾಭ ಮಾಡಿಕೊಂಡರೆಂದು ನನಗೆ ಪ್ರತಿ ಸಲ ಅನುಮಾನ.

ನೆಲದ ಮೇಲೆ ಹಳೆಯ ಸೀರೆ ಹಾಸಿ, ಅದರ ಮೇಲೆ ಧೋತರ, ಮತ್ತೆ ಸೀರೆ. ಇದು ಕೌದಿಯ ಒಡಲು. ಅದರ ಮೇಲೆ ಚಿಂದಿಯ ಲೆಕ್ಕಾಚಾರ ಶುರು. ಚೌಕ ಚೌಕವಾಗಿ, ಮುಮ್ಮೂಲೆಯಾಗಿ ಕತ್ತರಿಸಿ ಇಡುತ್ತಾಳೆ, ತೆಗೆಯುತ್ತಾಳೆ, ಕಣ್ಣು ಕಿರಿದು ಮಾಡಿ ನೋಡಿ ಇನ್ನೊಂದೆಡೆ ಇಡುತ್ತಾಳೆ. ಅಂಚಿನಿಂದ ಹಿಡಿದ ಹೊಲಿಗೆ ಸುತ್ತಿಕೊಂಡು ಸುತ್ತಿಕೊಂಡು ನಡುವಿಗೆ ಬರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಿಗಿಂತ ಹೆಚ್ಚು ಬಿಟ್ಟರೆ ಬಟ್ಟೆ ಒಳಗೇ ಜಾರಿ ಉಂಡೆಗಟ್ಟುತ್ತದೆ. ನೆರೆಮನೆಯ ಇಬ್ಬರು ಬಂದು ಎದುರಿನ ಎರಡು ಮೂಲೆ ಹಿಡಿದು ಕೂತರೆಂದರೆ ಮೂರು ಸೂಜಿ, ಊರ ಸುದ್ದಿಯೆಲ್ಲ ಒಟ್ಟಿಗೆ ಓಡತೊಡಗುತ್ತವೆ. ಈ ಕೆಲಸಕ್ಕೆ ದುಡ್ಡು ಕೊಟ್ಟು ತಂದದ್ದು ದಾರದ ಉಂಡೆಯೊಂದೇ.

‘ಇದನ್ನೆಲ್ಲ ಚಂದಕ್ಕ ಮಾಡ್ತಿಯೇನ್ ದೊಡವ್ವಾ?’ ಎಂದು ಕೇಳಿದೆ.

‘ಚಂದಕ್ಕ ಯಾರ್ ಮಾಡ್ತಾರೋ ತಮ್ಮಾ? ಹಾಸಾಕ ಬೇಕು, ಹೊದಿಯಾಕ ಬೇಕು. ಆದ್ರ ಹೊಲಿಯೂದು ಹೆಂಗೂ ಹೊಲೀಬೇಕಲಾ, ಕೆಂಪಿನ ಬಾಜೂಕ ಹಸರ ಇಟ್ರ ಕೈಗೇನ್ ಭಾರ ಆಗ್ತದ?’

ಸೊಲ್ಲಾಪುರದ ಚಾದರ ಈ ಸೀಮೆಯ ಪ್ರತಿ ಮನೆಯಲ್ಲೂ ಇದೆ. ನೆಂಟರು ಬಂದಾಗ ಪೆಟ್ಟಿಗೆಯಿಂದ ಹೊರಬರುವುದೂ ಅದೇ. ಆದರೆ ಮಗು ಹುಟ್ಟಿದರೆ ಕೌದಿಯೇ ಬೇಕು. ಕೂಸಿನ ಮೈಗೆ ಹೊಸ ಬಟ್ಟೆ ಒರಟು, ಅಜ್ಜಿಯ ಸೀರೆಯಷ್ಟು ಮೆತ್ತನೆಯದು ಯಾವ ಗಿರಣಿಯಲ್ಲೂ ನೇಯುವುದಿಲ್ಲ. ಅದೇ ಚಿಂದಿಯಲ್ಲಿ ಸಣ್ಣ ಸಣ್ಣ ಮುಮ್ಮೂಲೆಗಳು ಉಳಿದರೆ ಕೂಸಿನ ತಲೆಗೆ ಕುಲಾವಿ. ತುದಿಗೆ ಮಣಿ, ನೆತ್ತಿಗೊಂದು ಗೊಂಡೆ. ಬೆನ್ನ ಮೇಲೆ ಇಳಿಬಿಟ್ಟರೆ ಅದೇ ಕುಂಚಿಗೆ.

ಇದೇ ಊರಿನ ಇಂಥವೇ ಪಡಸಾಲೆಗಳಲ್ಲಿ ಹತ್ತಿರ ಹತ್ತಿರ ನೂರು ವರ್ಷದ ಹಿಂದೆ ನಾಲ್ವರು ಗೆಳೆಯರು ಕಿವಿಗೊಟ್ಟು ಕೂತಿದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ನಾಡು ಅವರನ್ನು ಹಲಸಂಗಿ ಗೆಳೆಯರು ಎಂದಿತು. ಬೀಸುಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ ಹೆಂಗಸರು ಹಾಡಿ ಅಲ್ಲೇ ಬಿಟ್ಟುಬಿಡುತ್ತಿದ್ದ ತ್ರಿಪದಿಗಳನ್ನು ಆರಿಸಿ ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಬಂತು, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ. ಸಿಂಪಿಗ ಎಂದರೆ ಬಟ್ಟೆ ಹೊಲಿಯುವವ. ತುಂಡು ತುಂಡು ಹಾಡುಗಳನ್ನು ಸೇರಿಸಿ ಪುಸ್ತಕ ಕಟ್ಟಿದ ಬಳಗದಲ್ಲಿ ಆ ಅಡ್ಡಹೆಸರಿನವರೊಬ್ಬರು ಇದ್ದದ್ದು ನನಗೆ ಯಾವತ್ತೂ ಖುಷಿಯ ಸಂಗತಿ. ಹಾಡು ಪುಸ್ತಕಕ್ಕೆ ಬಂದು ಉಳಿಯಿತು. ಕೌದಿಯ ಹಾದಿ ಬೇರೆ: ಹೊದ್ದು ಹೊದ್ದು ಸವೆದ ಮೇಲೆ ಅದು ಇನ್ನೊಂದು ಕೌದಿಯ ಹೊಟ್ಟೆ ಸೇರುತ್ತದೆ.

‘ಮಲ್ಲಿಗೆ ದಂಡೆ’ ಎಂಬ ಹೆಸರನ್ನೇ ನೋಡಿ. ಮಲ್ಲಿಗೆ ಬಳ್ಳಿಗೆ ನೀರು ಹಾಕುವುದು ಈ ನೆಲದಲ್ಲಿ ಸಣ್ಣ ಮಾತಲ್ಲ. ವಿಜಯಪುರ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಜುಬಾಜು. ಅದೂ ಮನಸ್ಸು ಬಂದಾಗ. ಕಣ್ಣು ಹಾಯುವಷ್ಟು ದೂರ ಎರೆಹೊಲ, ಹಿಂಗಾರಿ ಜೋಳ ಕಿತ್ತ ಮೇಲೆ ಬಿರುಕುಬಿಟ್ಟ ಕರಿ ನೆಲ. ಈಚೆಗೆ ಲಿಂಬೆಯ ತೋಟಗಳು ಅಲ್ಲಲ್ಲಿ ಹಸಿರು ಹಚ್ಚಿವೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೂ ದಿನಾ ಬಾಗಿಲಿಗೆ ಹಸಿ ಹೂವಿನ ಸರ ಕಟ್ಟುವ ಊರಲ್ಲ ಇದು. ಹಬ್ಬಕ್ಕೆ ಬೇವಿನ ತೊಪ್ಪಲು, ಎಲ್ಲಿಂದಲೋ ತಂದ ಮಾವಿನೆಲೆ. ಎರಡು ದಿನಕ್ಕೆ ಅವು ಸುರುಟಿ ಬಿಸಿಗಾಳಿಗೆ ಗರಗರ ಸದ್ದು ಮಾಡುತ್ತವೆ. ಹಾಗಾಗಿ ಇಲ್ಲಿನ ಹೆಂಗಸರು ಬಾಡದ ಸಾಮಾನಿನಲ್ಲಿ ಹೂವು ಮಾಡುವುದನ್ನು ಕಲಿತರು ಎಂದೇ ನನ್ನ ನಂಬಿಕೆ. ದಾರ, ಗಾಜು, ಬೀಜ, ಬಟ್ಟೆ.

ಈಗ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ನಡೆದಿರುವುದೂ ಅದೇ. ಮೊಮ್ಮಗಳು ಹಳೆಯ ಲಗ್ನಪತ್ರಿಕೆಗಳನ್ನು ಹರಡಿಕೊಂಡಿದ್ದಾಳೆ. ಅಕ್ಷತೆ ಬಿದ್ದು ವರ್ಷಗಳಾದ ಆ ದಪ್ಪ ಕಾಗದ ಕತ್ತರಿಗೆ ಸಿಕ್ಕು ಮಾವಿನೆಲೆಯ ಆಕಾರಕ್ಕೆ ಬರುತ್ತಿದೆ. ಪ್ರತಿ ಎಲೆಗೂ ಹಸಿರು ಉಲ್ಲನ್ ದಾರ ಒತ್ತೊತ್ತಾಗಿ ಸುತ್ತಬೇಕು, ವಧೂವರರ ಹೆಸರು ಪೂರ್ತಿ ಮುಚ್ಚುವವರೆಗೆ. ಎಲೆ ಎಲೆಯ ನಡುವೆ ಚೆಂಡುಹೂ. ಅದು ಇನ್ನೂ ಸುಲಭ: ಹಳದಿ ಉಲ್ಲನ್ನನ್ನು ಮೂರು ಬೆರಳಿಗೆ ನಲವತ್ತೈವತ್ತು ಸುತ್ತು ಸುತ್ತಿ, ಮೆಲ್ಲಗೆ ಕಳಚಿ, ನಡುವನ್ನು ಬಿಗಿಯಾಗಿ ಕಟ್ಟಿ, ಎರಡೂ ಕಡೆಯ ಕುಣಿಕೆಗಳನ್ನು ಕತ್ತರಿಸಿ ಕೊಡವಿದರೆ ದಾರವೆಲ್ಲ ಅರಳಿ ಗುಂಡಗೆ ನಿಲ್ಲುತ್ತದೆ. ಏರುತಗ್ಗು ಇದ್ದಲ್ಲಿ ಕತ್ತರಿಯಿಂದ ಕ್ಷೌರ. ಕಟ್ಟು ಸಡಿಲವಾದರೆ ನಾಲ್ಕು ದಿನದಲ್ಲಿ ಹೂವಿಗೆ ಬಕ್ಕತಲೆ. ಅವಳ ಮೊದಲ ಮೂರು ಹೂವಿಗೆ ಅದೇ ಗತಿಯಾಯಿತು. ನಾಲ್ಕನೆಯದಕ್ಕೆ ಹಲ್ಲಿನಿಂದ ಕಚ್ಚಿ ಗಂಟು ಬಿಗಿದಳು.

ಇದನ್ನು ನೋಡುತ್ತಿದ್ದ ಅವಳ ತಾಯಿಗೆ ತನ್ನ ಕಾಲದ ಬಳೆಸರ ನೆನಪಾಯಿತು. ಆಗ ಮನೆಯಲ್ಲಿ ಚಿಮಣಿ ಬುಡ್ಡಿ ಇತ್ತು. ಗಾಜಿನ ಬಳೆಚೂರನ್ನು ಅದರ ಉರಿಗೆ ಹಿಡಿದು, ಕೆಂಪಗಾಗಿ ಮೆತ್ತಗಾದ ಕ್ಷಣದಲ್ಲಿ ಬಗ್ಗಿಸಿ ತುದಿಗೆ ತುದಿ ಕೂಡಿಸಬೇಕು. ಒಂದು ಕೊಂಡಿ ಮುಚ್ಚುವ ಮೊದಲು ಇನ್ನೊಂದನ್ನು ಅದರೊಳಗೆ ಹಾಕಿರಬೇಕು. ತಡಮಾಡಿದರೆ ಗಾಜು ಬಿಗಿಯುತ್ತದೆ, ಅವಸರ ಮಾಡಿದರೆ ಚಟ್ ಎನ್ನುತ್ತದೆ. ಹಸಿರು, ಕೆಂಪು, ನೀಲಿ ಕೊಂಡಿಗಳ ಆ ಸರ ದೇವರ ಮಾಡದ ಮುಂದೆ ತೂಗುತ್ತಿದ್ದರೆ, ಗಾಳಿ ಬಂದಾಗಲೆಲ್ಲ ಯಾರೋ ಬಳೆ ತೊಟ್ಟ ಕೈ ಆಡಿಸಿದ ಸದ್ದು. ‘ಬೆಳ್ಳ ಸುಟ್ಟಕೊಳ್ಳಲಾರದ ಯಾರ್ ಮಾಡ್ಯಾರ್ರಿ ಅದನ್ನ?’ ಎಂದು ಎಡಗೈಯ ತೋರುಬೆರಳು ತೋರಿಸಿದಳು. ಕಲೆ ಇನ್ನೂ ಇದೆ.

ಗಂಡುಹುಡುಗರ ಪಾಲಿಗೆ ಕಣಿಕೆ. ಜೋಳದ ಒಣದಂಟಿನ ಮೇಲಿನ ಸಿಬಿರನ್ನು ಹಲ್ಲಿನಿಂದ ಸುಲಿದರೆ ಒಳಗೆ ಹಗುರಾದ ಬಿಳಿ ಬೆಂಡು. ಬೆಂಡನ್ನು ತುಂಡು ಮಾಡಿ ಸಿಬಿರನ್ನೇ ಮೊಳೆಯಂತೆ ಚುಚ್ಚಿ ಜೋಡಿಸಿದರೆ ಬಂಡಿ, ಕುರ್ಚಿ, ಮೂಗಿನ ಮೇಲೆ ನಿಲ್ಲುವ ಕನ್ನಡಕ. ಅಂಟಿಲ್ಲ, ಮೊಳೆಯಿಲ್ಲ, ಕಾಸಿನ ಖರ್ಚಿಲ್ಲ. ಎತ್ತಿನ ಬಾಯಿಂದ ಎರಡು ದಂಟು ಕದ್ದರೆ ಎತ್ತಿನ ಬಂಡಿ ತಯಾರು. ಚೆನ್ನಾಗಿ ಬಂದದ್ದು ಮಾಡದಲ್ಲಿ ದೀಪದ ಪಕ್ಕ ಜಾಗ ಪಡೆಯುತ್ತದೆ, ಉಳಿದದ್ದು ಒಲೆಗೆ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದರೆ ಆಷಾಢದ ಮಂಗಳವಾರಗಳು. ಆಗ ಕೆರೆಯ ಜಿಗಿಮಣ್ಣು ಮನೆಗೆ ಬಂದು ಗುಳ್ಳವ್ವನಾಗುತ್ತದೆ. ಕಣ್ಣಿಗೆ ಗುಲಗಂಜಿ, ಮೈಗೆ ಕುಸುಬೆಯ ಬಿಳಿ ಕಾಳು, ಸೊಂಟಕ್ಕೆ ಜೋಳದ ಸಾಲು. ಪೇಟೆಯ ಮುತ್ತು ತಂದು ಒತ್ತಿದರೂ ಕುಸುಬೆಯ ಆ ಹೊಳಪು ಬರುವುದಿಲ್ಲ.

ಮೇಲೆ ನೋಡಿದರೆ ಜಂತಿಗೆ ನೇತುಬಿದ್ದ ನೆಲುವು. ಪುಂಡಿನಾರಿನ ಹಗ್ಗ. ಎಳೆಯ ಪುಂಡಿಯ ಸೊಪ್ಪು ಪಲ್ಯವಾಗಿ ರೊಟ್ಟಿಯ ಜೊತೆ ಹೊಟ್ಟೆಗೆ ಹೋಗುತ್ತದೆ, ಬಲಿತ ದಂಟು ನೀರಲ್ಲಿ ಕೊಳೆತು ನಾರಾಗಿ ಮಾಳಿಗೆಗೆ ಏರುತ್ತದೆ. ಬೆಕ್ಕಿಗೆ ಎಟುಕದಂತೆ ಹಾಲಿನ ಗಡಿಗೆ ಇಡುವ ಸಾಮಾನು ಅದು. ಆದರೂ ಹೊಸೆದವರು ಗಂಟು ಗಂಟಿಗೂ ಒಂದು ಬಣ್ಣದ ಚಿಂದಿ ಸುತ್ತಿದ್ದಾರೆ. ಬೆಕ್ಕಿನ ಕಣ್ಣಿಗೂ ಚಂದ ಕಾಣಲಿ ಎಂದಿರಬೇಕು.

ಇಷ್ಟೆಲ್ಲ ಕೈಕೆಲಸ ಒಟ್ಟಿಗೆ ಊರ ಕಣ್ಣಿಗೆ ಬೀಳುವುದು ಮದುವೆಯಲ್ಲಿ. ರುಖವತ ಎಂಬುದು ಮರಾಠಿಯಿಂದ ಭೀಮೆ ದಾಟಿ ಬಂದ ಮಾತು, ಆದರೆ ಈ ಗಡಿಸೀಮೆಯ ಮದುವೆಗಳಿಗೆ ಅದು ಪರಕೀಯವಲ್ಲ. ಹೆಣ್ಣಿನ ಕಡೆಯವರು ಒಂದು ಕಟ್ಟೆಯ ಮೇಲೆ ಸೀರೆ ಹಾಸಿ ಮದುಮಗಳ ಕೈಚಳಕವನ್ನು ಜೋಡಿಸಿಡುತ್ತಾರೆ. ಮಣಿಯ ಗಿಳಿ, ಅಡಿಕೆಗೆ ಬಟ್ಟೆ ಉಡಿಸಿ ಮಾಡಿದ ಗಂಡ-ಹೆಂಡತಿ, ಕೊಬ್ಬರಿ ಬಟ್ಟಲ ಮೇಲೆ ಕೊರೆದ ಕುಸುರಿ, ಕ್ರೋಶಾದ ಟೀವಿ ಮುಸುಕು, ಕನ್ನಡಿ ಚೌಕಟ್ಟಿನೊಳಗೆ ಹತ್ತಿಯಲ್ಲಿ ಬರೆದ ‘ಸುಸ್ವಾಗತ’. ಬೀಗಿತ್ತಿಯರು ಹತ್ತಿರ ಬಂದು, ಕೈಯಲ್ಲಿ ಹಿಡಿದು, ತಿರುವಿ ಹಿಂಬದಿಯ ಗಂಟು ನೋಡುತ್ತಾರೆ. ಪರೀಕ್ಷೆ ಇರುವುದು ಹಿಂಬದಿಯಲ್ಲಿ. ಮುಂದಿನ ಗಿಳಿ ಯಾರಾದರೂ ಮಾಡಿಯಾರು, ಹಿಂದಿನ ದಾರ ಅಚ್ಚುಕಟ್ಟಾಗಿ ಮುಗಿಸುವವಳು ಬೇರೆ. ಹುಡುಗಿಯ ಬುದ್ಧಿಯನ್ನು ಗಂಟಿನಲ್ಲಿ ಅಳೆಯುವ ಈ ಪದ್ಧತಿ ನನಗೆ ಅಷ್ಟಾಗಿ ಸೇರುವುದಿಲ್ಲ. ಗಂಡಿನ ಕಡೆಯಿಂದ ಕಣಿಕೆಯ ಬಂಡಿಯೊಂದನ್ನಾದರೂ ಯಾಕೆ ಇಡಿಸುವುದಿಲ್ಲ? ಈಗಂತೂ ಇಡೀ ರುಖವತವೇ ಸಿದ್ಧವಾಗಿ ಪೇಟೆಯಲ್ಲಿ ಸಿಗುತ್ತದೆ. ಅದನ್ನು ಯಾರೂ ತಿರುವಿ ನೋಡುವುದಿಲ್ಲ.

ಹುಡುಗರಿಗೆ ಕಾಗದದ ಕೆಲಸ ಬರುವುದು ಆಗಸ್ಟ್ 15ಕ್ಕೆ. ಶಾಲೆಯ ಕಂಬದಿಂದ ಕಂಬಕ್ಕೆ ಮೂರು ಬಣ್ಣದ ಪರಪರಿ ಕಟ್ಟಬೇಕು. ಅದೇ ತಾರೀಖಿಗೆ, 1953ರಲ್ಲಿ, ಈ ಊರಿನ ಮಧುರಚೆನ್ನ ತೀರಿಕೊಂಡರು; ಅವರು ಮನಸಾರೆ ನಂಬಿದ್ದ ಅರವಿಂದರು ಹುಟ್ಟಿದ ದಿನವೂ ಅದೇ. ಪರಪರಿಗೆ ಬೇಕಾದ ಅಂಟು ಮನೆಯಲ್ಲೇ ಕುದಿಯುತ್ತದೆ. ಮೈದಾ ಹಿಟ್ಟು, ನೀರು, ಚಿಟಿಕೆ ಮೈಲುತುತ್ತು. ಮೈಲುತುತ್ತು ಹಾಕಿದರೆ ಹುಳ ಹತ್ತುವುದಿಲ್ಲ. ಅದು ವಿಷ, ಹಾಗಾಗಿ ಆ ಪಾತ್ರೆ ಮತ್ತೆ ಒಲೆ ಕಾಣುವಂತಿಲ್ಲ. ಅದೇ ಅಂಟು ದೀಪಾವಳಿಗೆ ಆಕಾಶಬುಟ್ಟಿಗೂ ಆದೀತು. ಬಿದಿರಿನ ಸೀಳು ಸಿಗದಿದ್ದರೆ ದಂಟಿನ ಸಿಬಿರೇ ಚೌಕಟ್ಟು, ಮೇಲೆ ಗಾಳಿಪಟದ ಹಾಳೆ.

ಬಿಸಿಲಕೋಲು ಗೋಡೆ ಹತ್ತಿತು. ಗೋಡೆಗೆ ಸುಣ್ಣ, ಬುಡಕ್ಕೆ ಗೇಣಗಲ ಹುರಮಂಜಿನ ಪಟ್ಟೆ. ಸಂಜೆಯ ಬೆಳಕಿಗೆ ಅದು ಕುಂಕುಮದಂತೆ ಕಾಣುತ್ತಿದೆ. ಮೊಮ್ಮಗಳು ಗಡಂಚಿಯ ಮೇಲೆ ನಿಂತು ಬಾಗಿಲ ಮೇಲ್ಪಟ್ಟಿಗೆ ತೋರಣ ಕಟ್ಟಿದಳು. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ‘ಸ್ವಲ್ಪ ಎಡಕ್ಕ ಎಳಿ, ಇನ್ನ ಜರಾ’ ಎಂದು ಕೂತಲ್ಲಿಂದಲೇ ಮೂವರೂ ಹೇಳಿದರು. ಹೊಲದಿಂದ ಬಂದ ದೊಡ್ಡಪ್ಪ ತಲೆ ಬಗ್ಗಿಸದೆ ಒಳಗೆ ನುಗ್ಗಿದ. ಹಳದಿ ಚೆಂಡೊಂದು ರುಮಾಲಿಗೆ ಸಿಕ್ಕಿಕೊಂಡು ಬಂತು. ಮತ್ತೆ ಗಡಂಚಿ, ಮತ್ತೆ ಸೂಜಿ.

ಕತ್ತರಿಸಿ ಬಿದ್ದ ಉಲ್ಲನ್ ಚೂರನ್ನೆಲ್ಲ ಗುಡಿಸಿ ಅವಳು ತಿಪ್ಪೆಗೆ ಹೊರಟಿದ್ದಳು.

‘ಏಯ್, ಒಗೀಬ್ಯಾಡ. ತಲಿದಿಂಬಿನ್ಯಾಗ ತುಂಬಾಕ ಬರ್ತಾವ, ತಾ ಇಲ್ಲಿ’ ಎಂದು ದೊಡ್ಡವ್ವ ಗಂಟಿನ ಬಾಯಿ ಮತ್ತೆ ಬಿಚ್ಚಿದಳು.