ಚೀಲ ಕಾಯುವಾಕಿ ಕಡಲಿಗೆ ನಡೆದಾಗ

ಪ್ರವಾಸಕ್ಕೆ ಹೋದಾಗ ನಿಮ್ಮ ಮನೆಯಲ್ಲಿ ಚೀಲ ಕಾಯುವವರು ಯಾರು? ನಮ್ಮ ಮನೆಯಲ್ಲಂತೂ ನಾನು. ಬಾದಾಮಿಗೆ ಹೋದಾಗ ಮಕ್ಕಳೆಲ್ಲ ಮೆಟ್ಟಿಲು ಹತ್ತಿ ಗುಹೆ ನೋಡಿ ಬಂದರು. ನಾನು ಕೆಳಗೆ ಬುತ್ತಿಗಂಟಿನ ಪಕ್ಕದಲ್ಲಿ ಕುಳಿತಿದ್ದೆ. ಹಂಪಿಯಲ್ಲಿ ಎಲ್ಲರೂ ಮಾತಂಗ ಪರ್ವತ ಹತ್ತಿದರು. ನಾನು ನೀರಿನ ಬಾಟಲಿ ಎಣಿಸುತ್ತಿದ್ದೆ. "ನೀವು ಹೋಗಿ ಬರ್ರಿ, ನಾ ಚೀಲಾ ಕಾಯ್ತೇನಿ" ಎಂಬ ಮಾತು ಯಾರೂ ಕೇಳುವ ಮೊದಲೇ ನನ್ನ ಬಾಯಿಂದ ಬಂದುಬಿಡುತ್ತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಆ ಚಾಳಿ ಬಿಟ್ಟ ಕಥೆಯನ್ನು ಹೇಳುತ್ತೇನೆ, ಕೇಳಿ.

ನಮ್ಮದು ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿ. ವರ್ಷಕ್ಕೆ 600 ಮಿಲಿಮೀಟರ್ ಸುಮಾರಿಗೆ ಮಳೆ ಬಿದ್ದರೆ ಪುಣ್ಯ ಎನ್ನುವ ಸೀಮೆ. ನಮಗೆ ದೊಡ್ಡ ನೀರೆಂದರೆ ತುಂಗಭದ್ರೆ, ದೊಡ್ಡ ಗುಡ್ಡವೆಂದರೆ ಕಪ್ಪತಗುಡ್ಡ. ಸಮುದ್ರವನ್ನು ನಾನು ಟಿವಿಯಲ್ಲಿ ಮಾತ್ರ ಕಂಡಿದ್ದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಓಣಿಯ ಹೆಂಗಸರು ಧರ್ಮಸ್ಥಳ, ಸವದತ್ತಿ ಎಂದು ತಿರುಗತೊಡಗಿದರು. ಒಂದು ಜನವರಿಯಲ್ಲಿ ನಾವೂ ಮೂವರು ಹೊರಟೆವು: ನಾನು, ನನ್ನ ನೆಗೆಣ್ಣಿ, ನನ್ನ ಸೊಸೆ. ಗೋಕರ್ಣದ ಮಹಾಬಲೇಶ್ವರನ ದರ್ಶನ ಮಾಡಿ ಬರುವುದು ನಮ್ಮ ಹರಕೆ. ಸೊಸೆಯ ತಲೆಯಲ್ಲಿ ಬೇರೆಯದೇ ಇತ್ತು ಎಂಬುದು ಆಮೇಲೆ ತಿಳಿಯಿತು.

ಗದಗಿಗೆ ಬಂದು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಅಂಕೋಲಾ ಸುಮಾರು 130 ಕಿಲೋಮೀಟರ್. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ನೆಗೆಣ್ಣಿ ಕಣ್ಣು ಮುಚ್ಚಿ ಲಿಂಬೆಹಣ್ಣು ಮೂಸುತ್ತ ಕುಳಿತಳು. ನಾನು ಮಾತ್ರ ಕಿಟಕಿ ಬಿಡಲಿಲ್ಲ. ನಮ್ಮ ಕಡೆ ಒಂದು ಮರ ಬೆಳೆಸಲು ಮೂರು ವರ್ಷ ಕೊಡದಿಂದ ನೀರು ಹೊರುತ್ತೇವೆ. ಇಲ್ಲಿ ನೋಡಿದರೆ ಯಾರೂ ಕೇಳದೆ ಕಾಡು ನಿಂತಿದೆ!

ಮರುದಿನ ಬೆಳಿಗ್ಗೆ ಕೋಟಿತೀರ್ಥ ನೋಡಿ, ಆತ್ಮಲಿಂಗದ ದರ್ಶನ ಮಾಡಿದೆವು. ಊಟವಾದ ಮೇಲೆ ಸೊಸೆ ಮೆಲ್ಲಗೆ ಬಾಯಿ ಬಿಟ್ಟಳು. ಗೋಕರ್ಣದ ದಕ್ಷಿಣಕ್ಕೆ ಒಂದರ ಪಕ್ಕ ಒಂದು ನಾಲ್ಕು ಕಡಲತೀರಗಳಿವೆಯಂತೆ. ಮೊದಲು ಕುಡ್ಲೆ, ಆಮೇಲೆ ಓಂಕಾರದ ಆಕಾರದ ಓಂ ಬೀಚ್, ಅದರಾಚೆ ಅರ್ಧಚಂದ್ರದಂಥ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಓಂ ಬೀಚಿನವರೆಗೆ ಆಟೋ ಹೋಗುತ್ತದೆ. ಮುಂದೆ ರಸ್ತೆಯಿಲ್ಲ, ಗುಡ್ಡದ ಅಂಚಿನ ಕಾಲುದಾರಿ, ಇಲ್ಲವೇ ದೋಣಿ.

"ಅತ್ತೀ, ನಡಕೊಂಡ ಹೋಗಿ ನೋಡ್ಕೊಂಡ ಬರೂಣು."

"ನೀವಿಬ್ರೂ ಹೋಗ್ರಿ, ನಾ ಚೀಲಾ..." ಎನ್ನುವಷ್ಟರಲ್ಲಿ ಸೊಸೆ ಚೀಲಗಳನ್ನೆಲ್ಲ ಲಾಡ್ಜಿನ ಕೋಣೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ನನ್ನ ಕೈಗೇ ಕೊಟ್ಟಳು. "ಈಗ ಏನ್ ಕಾಯ್ತೀರಿ?" ಅಂದಳು. ನೆಗೆಣ್ಣಿ ಬಿದ್ದು ಬಿದ್ದು ನಕ್ಕಳು.

ಓಂ ಬೀಚಿನಲ್ಲಿ ಇಳಿದಾಗ ನಾಲ್ಕೂವರೆ ಗಂಟೆ. ಅದೇ ನಮ್ಮ ಮೊದಲ ತಪ್ಪು. ಮರಳು ದಾಟಿ, ಜಂಬಿಟ್ಟಿಗೆ ಕಲ್ಲಿನ ಗುಡ್ಡ ಹತ್ತಿದೆವು. ಒಂದು ಕಡೆ ಗಿಡಗಂಟಿ, ಇನ್ನೊಂದು ಕಡೆ ಕೆಳಗೆ ಸಮುದ್ರ. ಕಪ್ಪತಗುಡ್ಡ ಹತ್ತಿದ ಕಾಲು ನನ್ನದು, ಏದುಸಿರು ಬಂದರೂ ನಿಲ್ಲಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಹಾಫ್ ಮೂನ್ ತಲುಪಿದೆವು. ಹುಡುಗರಿಗಾದರೆ ಅದು ಅರ್ಧ ಗಂಟೆಯ ದಾರಿ. ಪುಟ್ಟ ತೀರ, ಸುತ್ತ ಗುಡ್ಡ, ಬೆರಳೆಣಿಕೆಯ ಜನ. ನನಗೆ ಎಂದೂ ಇಲ್ಲದ ಹುರುಪು ಬಂತು. "ನಡೀರಿ, ಕಡೀದೂ ನೋಡೇಬಿಡೂಣು" ಎಂದೆ.

ಅಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ತಡೆದಳು. "ಅಮ್ಮಾ, ಈಗ ಹೋಗ್ಬೇಡಿ. ನೀರು ಏರ್ತಾ ಅದೆ. ಮುಂದೆ ಬಂಡೆ ಹತ್ತಿ ಇಳೀಬೇಕು, ಕತ್ತಲೂ ಆಗ್ತದೆ. ನಾಳೆ ಒಂಬತ್ತರ ಮೇಲೆ ಬನ್ನಿ, ನೀರು ಇಳೀತಾ ಇರ್ತದೆ."

ನಾನು ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಚೀಲ ಬಿಟ್ಟು ಬಂದವಳಿಗೆ ತಿರುಗಿ ಹೋಗುವುದೆಂದರೆ ಸೋತಂತೆ ಕಂಡಿತು. ಹತ್ತು ಮಾರು ಮುಂದೆ ಹೋಗಿ ಒಂದು ಬಂಡೆಯ ಮೇಲೆ ಕಾಲಿಟ್ಟೆ. ಪಾಚಿ! ಹವಾಯಿ ಚಪ್ಪಲಿ ಸರ್ರನೆ ಜಾರಿತು. ಅದೇ ಹೊತ್ತಿಗೆ ಒಂದು ತೆರೆ ಬಂದು ಸೊಂಟದವರೆಗೆ ತೋಯಿಸಿತು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿತು. ಸೊಸೆ ರಟ್ಟೆ ಹಿಡಿದು ಎಳೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲವೇನೋ. ಒಂದು ಚಪ್ಪಲಿ ಸಮುದ್ರದ ಪಾಲಾಯಿತು, ಮೊಣಕೈ ತರಚಿತು.

"ಅಕ್ಕಾ, ಸಾಕ ಬಿಡ್ರಿ. ಸಮುದ್ರ ಎಲ್ಲೂ ಓಡಿ ಹೋಗಂಗಿಲ್ಲ" ಎಂದಳು ನೆಗೆಣ್ಣಿ. ಬರುವಾಗ ಕತ್ತಲಾಗಿ, ಮೊಬೈಲ್ ಬೆಳಕಿನಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ನಡೆದೆವು. ಆ ರಾತ್ರಿ ನಾನು ಯಾರೊಡನೆಯೂ ಮಾತನಾಡಲಿಲ್ಲ. ಮೊಣಕೈಗಿಂತ ಮನಸ್ಸು ಹೆಚ್ಚು ಉರಿಯುತ್ತಿತ್ತು. ನನ್ನ ಹಟಕ್ಕೆ ಸೊಸೆಯ ಜೀವವನ್ನೂ ಒಡ್ಡಿದ್ದೆನಲ್ಲ!

ಮಲಗುವ ಮುನ್ನ ಸೊಸೆ ಒಂದು ವಿಷಯ ಹೇಳಿದಳು. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಸಮಾರಿಯಾ ಎಂಬ ಕಣಿವೆ ಇದೆಯಂತೆ. ಸುಮಾರು 16 ಕಿಲೋಮೀಟರ್ ಇಳಿದು ನಡೆದರೆ ಆಯಿಯಾ ರುಮೆಲಿ ಎಂಬ ಕಡಲತೀರದ ಹಳ್ಳಿ. ಅಲ್ಲಿಗೂ ರಸ್ತೆಯಿಲ್ಲ, ನಡೆದು ಬಂದವರು ಹಡಗು ಹತ್ತಿ ಹೊರಡುತ್ತಾರೆ. ಚಳಿಗಾಲದಲ್ಲಿ ಕಣಿವೆಗೆ ಪ್ರವಾಹ ಬರುವುದರಿಂದ ಅದನ್ನು ಮುಚ್ಚಿಬಿಡುತ್ತಾರೆ. "ಅಲ್ಲೆ ಗೇಟ್ ಹಾಕಾವ್ರು ಅದಾರ, ಅತ್ತೀ. ಇಲ್ಲೆ ನಮಗ ನಾವ ಗೇಟ್ ಹಾಕ್ಕೋಬೇಕು" ಎಂದಳು. ಓದಿದ ಹುಡುಗಿಯ ಮಾತು ನನ್ನ ತಲೆಯಲ್ಲಿ ನಿಂತಿತು.

ಮರುದಿನ ಅಂಗಡಿಯಲ್ಲಿ ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಂಡೆ. ಸೊಸೆಯ ಚೂಡಿದಾರವನ್ನೇ ಹಾಕಿಕೊಂಡೆ. ಊರಲ್ಲಿ ಯಾರಿಗೂ ಹೇಳಬೇಡಿ! ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ತಲಾ ಎರಡು ಬಾಟಲಿ ನೀರು ಕಟ್ಟಿಕೊಂಡು ಒಂಬತ್ತಕ್ಕೆ ಓಂ ಬೀಚ್ ಬಿಟ್ಟೆವು. ಎಳನೀರಿನವಳು ನನ್ನ ವೇಷ ನೋಡಿ ನಕ್ಕು, ದಾರಿ ತೋರಿಸಿದಳು. ನಿನ್ನೆ ಜಾರಿದ ಬಂಡೆ ಇಂದು ಒಣಗಿ ನಿಂತಿತ್ತು. ಕೈಯೂರಿ, ಕುಳಿತು, ಜರುಗಿ ದಾಟಿದೆವು. ಹನ್ನೊಂದರ ಹೊತ್ತಿಗೆ ಪ್ಯಾರಡೈಸ್ ತಲುಪಿದೆವು.

ಅಲ್ಲಿ ಏನಿದೆ ಎಂದು ಕೇಳುತ್ತೀರಾ? ಬಂಡೆಗಳ ನಡುವೆ ತುಂಡು ತುಂಡಾದ ಮರಳು, ಗಿಡದ ನೆರಳು, ತೆರೆಯ ಸಪ್ಪಳ. ಮಂಡಿನೋವಿನ ನೆಗೆಣ್ಣಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಒಬ್ಬಳೇ ಏನೋ ಹಾಡಿಕೊಂಡಳು. ನಾನು ಮರಳ ಮೇಲೆ ಸುಮ್ಮನೆ ಕುಳಿತೆ. ಯಾರ ಚೀಲವೂ ಪಕ್ಕದಲ್ಲಿರಲಿಲ್ಲ. ನೆಗೆಣ್ಣಿಯ ಮಂಡಿ ನೆನೆದು, ಮರಳುವಾಗ ದೋಣಿಯಲ್ಲೇ ಬಂದೆವು. ನಡೆಯಲಾರದ ಕಡೆ ದೋಣಿ ಹತ್ತುವುದರಲ್ಲಿ ನಾಚಿಕೆ ಏನು?

ಹೋಗಬಯಸುವ ಸೋದರಿಯರಿಗೆ ಅನುಭವದ ನಾಲ್ಕು ಮಾತು:

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸಪ್ಟೆಂಬರ್‌ವರೆಗೆ, ಈ ದಾರಿ ಬೇಡ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಕಡಲು ಹುಚ್ಚೇಳುತ್ತದೆ, ಗುಡ್ಡ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನೆನಪಿರಲಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಹೆಚ್ಚು. ನಮ್ಮ ಗಡಿಯಾರಕ್ಕಿಂತ ಮೀನುಗಾರರ ಮಾತು ನಂಬಿ.

ಹತ್ತಿಯ ಸೀರೆ, ಹವಾಯಿ ಚಪ್ಪಲಿ ಎರಡೂ ಬೇಡ. ನೀರು, ಬುತ್ತಿ ನೀವೇ ಒಯ್ಯಿರಿ. ಅಲ್ಲಿ ಸಿಗುತ್ತದೆಂದು ನಂಬಬೇಡಿ. ಕಸವನ್ನು ಮರಳಿ ತನ್ನಿ.

ಈಜು ಬಾರದವರು ಮೊಣಕಾಲಿನ ಮೇಲೆ ನೀರಿಗೆ ಇಳಿಯಬೇಡಿ. ಕಡಲಿಗೆ ಬೆನ್ನು ಮಾಡಿ ಫೋಟೋಕ್ಕೆ ನಿಲ್ಲಬೇಡಿ. ಸೂರ್ಯ ಮುಳುಗುವ ಎರಡು ತಾಸು ಮುಂಚೆ ತಿರುಗಿಬಿಡಿ.

ಬರುವಾಗ ಉಪ್ಪಿನಕಾಯಿಗೆಂದು ಸಾಣಿಕಟ್ಟಾದ ಹರಳುಪ್ಪು ಎರಡು ಕಿಲೋ ತಂದೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ಎದ್ದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಸೊಸೆಯೇ ಹೇಳಿದಳು: "ನೀವಿಬ್ರೂ ಕುಡದ ಬರ್ರಿ ಅತ್ತೀ. ನಾ ಚೀಲಾ ಕಾಯ್ತೇನಿ."