ಅಮೆರಿಕಕ್ಕೆ ಹೋದ ಅಪ್ಪ-ಅಮ್ಮನಿಗೆ ಕಾಲೇಜಿನಲ್ಲೊಂದು ಊಟ, ಒಂದು ಉಪನ್ಯಾಸ

ಅಕ್ಕನೋ ಅಣ್ಣನೋ ಅಮೆರಿಕದಲ್ಲಿದ್ದು, ಅಪ್ಪ-ಅಮ್ಮ ಆರು ತಿಂಗಳು ಇದ್ದು ಬರೋಣ ಅಂತ ಅಲ್ಲಿಗೆ ಹೋಗಿದ್ದಾರಾ? ಹಾಗಿದ್ರೆ ಇವತ್ತಿನ ಎಪಿಸೋಡ್ ನಿಮಗೇ. ವಾಟ್ಸಾಪ್ ಕಾಲ್‌ನಲ್ಲಿ ಕೇಳಿದ್ರೆ "ಆರಾಮಾಗಿದೀವಪ್ಪ" ಅಂತಾರೆ. ಆದ್ರೆ ದಿನ ಹೇಗೆ ಕಳೀತಿದೆ ಅಂತ ಬಿಡಿಸಿ ಕೇಳಿ. ಬೆಳಿಗ್ಗೆ ಎಂಟಕ್ಕೆ ಮನೆಯೆಲ್ಲ ಖಾಲಿ. ಕಾರ್ ಓಡಿಸೋಕೆ ಧೈರ್ಯ ಇಲ್ಲ, ಎಷ್ಟೋ ಬಡಾವಣೆಗಳಲ್ಲಿ ಬಸ್ ಕೂಡ ಇಲ್ಲ. ಇಲ್ಲಾದ್ರೆ ಹಾಲು ತರೋಕೆ ಹೋದ್ರೂ ನಾಲ್ಕು ಜನ ಮಾತಾಡಿಸ್ತಿದ್ರು.

ಅಲ್ಲಿನ ಬಹಳಷ್ಟು ಕಾಲೇಜುಗಳು ಇದಕ್ಕೆ ಹೊಂದೋ ಒಂದು ಕಾರ್ಯಕ್ರಮ ನಡೆಸ್ತವೆ. ಸಂಜೆ ಕ್ಯಾಂಪಸ್ಸಿನಲ್ಲಿ ಊಟ, ಆಮೇಲೆ ಪ್ರೊಫೆಸರ್ ಒಬ್ಬರ ಉಪನ್ಯಾಸ, ಕೊನೆಗೆ ಪ್ರಶ್ನೋತ್ತರ. ಪರೀಕ್ಷೆ ಇಲ್ಲ, ಅಂಕ ಇಲ್ಲ, ಹಾಜರಿ ಇಲ್ಲ. ಒಮ್ಮೆ ಇತಿಹಾಸ, ಇನ್ನೊಮ್ಮೆ ನಕ್ಷತ್ರ, ಮತ್ತೊಮ್ಮೆ ಸಂಗೀತ. ಬರೋರಲ್ಲಿ ಹೆಚ್ಚಿನವರು ನಿವೃತ್ತರು.

ಇದು ಹೊಸದೇನಲ್ಲ. ನಿವೃತ್ತರಿಗೇ ಅಂತ ನ್ಯೂಯಾರ್ಕಿನ ನ್ಯೂ ಸ್ಕೂಲ್ 1962ರಲ್ಲೇ ಒಂದು ಸಂಸ್ಥೆ ಶುರು ಮಾಡಿತ್ತು. ಈಗ ದೊಡ್ಡ ಹೆಸರು ಓಶರ್ ಲೈಫ್‌ಲಾಂಗ್ ಲರ್ನಿಂಗ್ ಇನ್‌ಸ್ಟಿಟ್ಯೂಟ್. (ಓಶೋ ಅಲ್ಲ, ಓಶರ್!) ಬರ್ನಾರ್ಡ್ ಓಶರ್ ಎಂಬ ಉದ್ಯಮಿಯ ಫೌಂಡೇಶನ್ ಕೊಟ್ಟ ಹಣದಿಂದ 2001ರಲ್ಲಿ ಸದರ್ನ್ ಮೇನ್ ವಿಶ್ವವಿದ್ಯಾಲಯದಲ್ಲಿ ಮೊದಲನೆಯದು ಆಯ್ತು. ಇವತ್ತು 120ಕ್ಕೂ ಹೆಚ್ಚು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿವೆ. ಮುಖ್ಯವಾಗಿ 50 ದಾಟಿದವರಿಗೆ. ಓಶರ್ ಹೆಸರಿಲ್ಲದ ಸಣ್ಣ ಕಾಲೇಜುಗಳೂ ತಮ್ಮದೇ ಊಟ-ಉಪನ್ಯಾಸ ಇಟ್ಕೊಂಡಿರ್ತವೆ, ಕೆಲವು ಕಡೆ ವಯಸ್ಸಿನ ಮಿತಿಯೂ ಇರಲ್ಲ.

ನಾನು ಬಿ.ಕಾಂ. ಓದಿದವನು, ಕಾಲೇಜಿಗೆ ಇದರಿಂದ ಏನು ಸಿಗತ್ತೆ ಅಂತ ಮೊದಲು ನೋಡ್ತೀನಿ. ಊರಿನವರ ಜೊತೆ ಒಳ್ಳೇ ಸಂಬಂಧ ಬೆಳೆಯತ್ತೆ, ಬಂದವರಲ್ಲಿ ಯಾರೋ ಮುಂದೊಂದು ದಿನ ದತ್ತಿ ಕೊಡಬಹುದು. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮವರು ತಟ್ಟೆ ದುಡ್ಡು ಕೊಟ್ಟು ಕೂತ್ರೆ ಸಾಕು.

ಬೆಂಗಳೂರಿನ ಹಿರಿಯರಿಗೆ ಉಪನ್ಯಾಸ ಅಪರಿಚಿತವೂ ಅಲ್ಲ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆಯಲ್ಲಿ ಕೂತು ಕೇಳಿದವರು ಎಷ್ಟು ಜನ ಇಲ್ಲ! ಆದ್ರೆ ನನ್ನ ಪ್ರಕಾರ ಅಮೆರಿಕದಲ್ಲಿ ನಮ್ಮವರಿಗೆ ಉಪನ್ಯಾಸಕ್ಕಿಂತ ಊಟವೇ ಮುಖ್ಯ. ಸಭೆಯಲ್ಲಿ ಕೂತು ಎದ್ದು ಬಂದ್ರೆ ಯಾರ ಪರಿಚಯವೂ ಆಗಲ್ಲ. ಒಂದೇ ಟೇಬಲ್ ಸುತ್ತ ಕೂತಾಗ ಪಕ್ಕದವರು ಕೇಳೇ ಕೇಳ್ತಾರೆ: ನೀವು ಏನು ಕೆಲಸ ಮಾಡ್ತಿದ್ರಿ? ಮೂವತ್ತು ವರ್ಷ ಕೆಇಬಿಯಲ್ಲಿದ್ದೆ, ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟೆ ಅನ್ನೋಕೆ ಒಂದು ಅವಕಾಶ. ಮಗನ ಮನೆಯಲ್ಲಿ ಅವರನ್ನ ಅದು ಯಾರೂ ಕೇಳಲ್ಲ.

ಸೇರೋದು ಹೇಗೆ? ಊರಿನ ಕಾಲೇಜಿನ ಹೆಸರಿನ ಜೊತೆ "ಲೈಫ್‌ಲಾಂಗ್ ಲರ್ನಿಂಗ್" ಅಂತ ಹುಡುಕಿ. ವಾರ್ಷಿಕ ಸದಸ್ಯತ್ವ ಬೇಕಾ, ಅತಿಥಿಯಾಗಿ ಬರಬಹುದಾ ಅಂತ ಮೊದಲೇ ಕೇಳಿ. ಮೂರೇ ಉಪನ್ಯಾಸಕ್ಕೆ ಹೋಗೋರು ವರ್ಷದ ಹಣ ಕಟ್ಟೋದು ಲೆಕ್ಕಕ್ಕೆ ಬರಲ್ಲ. ಊಟದ ಹಣ ಸಾಮಾನ್ಯವಾಗಿ ಬೇರೆ.

ವೀಸಾ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ಬಿ-2 ಪ್ರವಾಸಿ ವೀಸಾದಲ್ಲಿ ಹೋದವರು ಪದವಿಗೆ ಕ್ರೆಡಿಟ್ ಸಿಗೋ ಕೋರ್ಸಿಗೆ ಸೇರೋ ಹಾಗಿಲ್ಲ. ಕ್ರೆಡಿಟ್ ಇಲ್ಲದ, ಹವ್ಯಾಸಕ್ಕೆ ಅಂತ ಮಾಡೋ ಚಿಕ್ಕ ಕಲಿಕೆಗೆ ಅಡ್ಡಿಯಿಲ್ಲ. ಊಟ-ಉಪನ್ಯಾಸ ಈ ಎರಡನೇ ಗುಂಪಿನದು. ಆದ್ರೂ ಅರ್ಜಿಯಲ್ಲಿ ಎಲ್ಲಾದ್ರೂ "ಕ್ರೆಡಿಟ್" ಅನ್ನೋ ಪದ ಕಂಡ್ರೆ ಅಲ್ಲೇ ನಿಲ್ಲಿಸಿ, ಕಾಲೇಜಿನ ಕಚೇರಿಗೆ ಫೋನ್ ಮಾಡಿ.

ಆರ್‌ಎಸ್‌ವಿಪಿ ಅಂದ್ರೆ ನಮ್ಮ ಮದುವೆ ಕರೆಯೋಲೆ ಥರ ಅಲ್ಲ. ಇಲ್ಲಿ ಇನ್ನೂರು ಎಲೆ ಹೆಚ್ಚಾದ್ರೂ ಅಡುಗೆ ಭಟ್ಟರು ಸಂಭಾಳಿಸ್ತಾರೆ. ಅಲ್ಲಿ ಅಡುಗೆಯವರಿಗೆ ತಟ್ಟೆ ಎಣಿಸಿ ಹೇಳಿರ್ತಾರೆ. ಕೊನೇ ದಿನಾಂಕ ದಾಟಿದ್ಮೇಲೆ ಬರಲ್ಲ ಅಂದ್ರೆ ದುಡ್ಡು ಹೋಯ್ತು ಅಂದ್ಕೊಳ್ಳಿ.

"ವೆಜಿಟೇರಿಯನ್" ಅಂತ ಟಿಕ್ ಹಾಕಿದ್ರಷ್ಟೇ ಸಾಲದು. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ, ತರಕಾರಿ ಸೂಪಿನಲ್ಲೂ ಕೋಳಿ ಬೇಯಿಸಿದ ನೀರು ಇರಬಹುದು. ಮಾಂಸ, ಮೀನು, ಮೊಟ್ಟೆ ಬೇಡ ಅಂತ ಬಿಡಿಸಿ ಬರೀರಿ. ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ಅಮ್ಮ ಆದ್ರೆ ಮನೇಲೇ ಮೊಸರನ್ನ ತಿಂದು ಹೋಗಿ, ಅಲ್ಲಿ ಹಣ್ಣು ತಗೊಳ್ಳಲಿ. ಊಟ ಐದೂವರೆ, ಆರಕ್ಕೇ ಶುರುವಾಗಬಹುದು. ನಮ್ಮವರಿಗೆ ಅದು ಕಾಫಿ ಟೈಮ್!

ಹೆಸರಿನದ್ದೂ ಒಂದು ಫಜೀತಿ. ನಮ್ಮವರ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ತಂದೆ ಹೆಸರೋ ಸೇರ್ಕೊಂಡಿರತ್ತೆ. ನೋಂದಣಿಯಲ್ಲಿ ಅದನ್ನೇ ತುಂಬಿದ್ರೆ ಎದೆ ಮೇಲಿನ ಚೀಟೀಲೂ ಅದೇ ಬರಬಹುದು. ಸಂಜೆಯಿಡೀ ಅಪ್ಪನನ್ನ "ಹಲೋ ಹೊಳೆನರಸೀಪುರ" ಅಂತ ಕರೀತಾರೆ. ಕರೆಯೋ ಹೆಸರನ್ನೇ ಬರೆಸಿ. ಚಿಕ್ಕವರೂ ಹೆಸರು ಹಿಡಿದು ಕರೆದ್ರೆ ಅದು ಅಗೌರವ ಅಲ್ಲ ಅಂತಾನೂ ಮೊದಲೇ ಹೇಳಿಡಿ.

ಇಂಗ್ಲಿಷಿನ ಭಯಕ್ಕೆ ಮುಂದಿನ ಸಾಲಿನ ಟೇಬಲ್ ಒಳ್ಳೇದು. ಕಿವಿ ಮಂದ ಇದ್ರೆ ಕೇಳೋ ಸಾಧನ ಇದೆಯಾ ಅಂತ ವಿಚಾರಿಸಿ, ಹಲವು ಸಭಾಂಗಣಗಳಲ್ಲಿ ಕೊಡ್ತಾರೆ.

ಅಲ್ಲಿರೋ ಅಕ್ಕನಿಗೋ ಅಣ್ಣನಿಗೋ ಇದನ್ನ ಕಳಿಸುವಾಗ ಒಂದು ಮಾತು ಸೇರಿಸಿ. ಬಿಡೋದು, ಕರ್ಕೊಂಡು ಬರೋದು ಅವರ ಕೆಲಸ. ಮೊದಲ ದಿನ ಬೇಕಿದ್ರೆ ಜೊತೆಗೆ ಕೂರಲಿ, ಎರಡನೇ ಸಲ ಬೇಡ. ಮಕ್ಕಳು ಪಕ್ಕದಲ್ಲಿದ್ರೆ ಅಪ್ಪ-ಅಮ್ಮ ಮಾತನ್ನೆಲ್ಲ ಅವರಿಗೇ ಬಿಟ್ಟು ಸುಮ್ಮನಾಗ್ತಾರೆ. ಕಾರ್ಯಕ್ರಮ ಎಂಟಕ್ಕೆ ಮುಗಿಯತ್ತೆ ಅಂದ್ರೆ ಎಂಟೂಕಾಲಿಗೆ ಬಂದ್ರೆ ಸಾಕು. ನಮ್ಮವರಿಗೆ ಒಬ್ಬರು ಪರಿಚಯ ಆದ್ರೆ ಬಾಗಿಲಲ್ಲಿ ನಿಂತು ಮಾತಾಡೋದು ಹೇಗೂ ಇದ್ದೇ ಇರತ್ತೆ.